ತ್ರಿಕಾಸ್ಥಿಯ ಮೂರನೇ ರಂಧ್ರ

ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕೋನಾಕಾರದ ಮೂಳೆಗೆ ಕನ್ನಡದಲ್ಲಿ ತ್ರಿಕಾಸ್ಥಿ ಎನ್ನುತ್ತೇವೆ. ಅದರ ಲ್ಯಾಟಿನ್ ಹೆಸರಿನ ಅರ್ಥ ‘ಪವಿತ್ರ ಮೂಳೆ’. ಇದರ ರಂಧ್ರಗಳಿಂದ ಹೊರಡುವ ನರಗಳು ಮೂತ್ರಕೋಶವನ್ನೂ ಗುದದ್ವಾರವನ್ನೂ ಹತೋಟಿಯಲ್ಲಿಡುತ್ತವೆ. ಆ ಹತೋಟಿ ತಪ್ಪಿದವರು ಮಲವನ್ನು ತಡೆದುಕೊಳ್ಳಲಾರರು. ಹೆರಿಗೆಯಲ್ಲಿ ಸ್ನಾಯು ಹರಿದವರು, ಸಕ್ಕರೆ ಕಾಯಿಲೆಯಿಂದ ನರ ದುರ್ಬಲವಾದವರು, ವಯಸ್ಸಾದವರು ಇದರಿಂದ ನರಳುತ್ತಾರೆ. ಪ್ರಯಾಣ, ಮದುವೆಮನೆ, ಕೆಲಸ ಒಂದೊಂದಾಗಿ ಕೈಬಿಡುತ್ತವೆ. ಆದರೂ ಎಷ್ಟೋ ಮಂದಿ ವೈದ್ಯರ ಬಳಿಯೂ ಬಾಯಿ ಬಿಡುವುದಿಲ್ಲ.

ಇದಕ್ಕೆ ವಿದ್ಯುತ್ತಿನ ಪರಿಹಾರ ಹುಡುಕಿದವರು ಮೊದಲು ನೋಡಿದ್ದು ಸ್ನಾಯುವಿನ ಕಡೆಗೆ. ಇಂಗ್ಲೆಂಡಿನ ಎಕ್ಸೆಟರ್‌ನ ಶಸ್ತ್ರವೈದ್ಯ ಕಾಲ್ಡ್‌ವೆಲ್, ಗುದದ ಸ್ನಾಯುವಿಗೇ ವಿದ್ಯುತ್ ಹಾಯಿಸಿ ಅದನ್ನು ಬಿಗಿಗೊಳಿಸುವ ಪ್ರಯತ್ನವನ್ನು 1963ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಿವರಿಸಿದರು. ಬಾಗಿಲು ಸಡಿಲವಾಗಿದ್ದರೆ ಬಾಗಿಲನ್ನೇ ಬಿಗಿ ಮಾಡಬೇಕು ಎಂಬ ನೇರ ತರ್ಕ ಅದು.

1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಮಿಲ್ ಟನಾಗೊ ಮತ್ತು ರಿಚರ್ಡ್ ಸ್ಮಿಟ್ ಮೂತ್ರಕೋಶದ ತೊಂದರೆಗಳಿಗಾಗಿ ಸ್ನಾಯುವನ್ನು ಬಿಟ್ಟು ತ್ರಿಕಾಸ್ಥಿಯ ನರಗಳನ್ನು ಹಿಡಿದರು. ಅವರೊಡನೆ ಆ ನರಗಳ ರಚನೆಯನ್ನು ಅಧ್ಯಯನ ಮಾಡಿದ ಜರ್ಮನಿಯ ಕ್ಲಾಸ್ ಮಾಟ್ಸೆಲ್, ಇದೇ ವಿಧಾನವನ್ನು ಮಲ ಹಿಡಿತಕ್ಕೆ ಅನ್ವಯಿಸಿದರು. 1995ರಲ್ಲಿ ಅವರ ತಂಡ ‘ಲ್ಯಾನ್ಸೆಟ್’ನಲ್ಲಿ ವರದಿ ಮಾಡಿದ್ದು ಕೇವಲ ಮೂವರು ರೋಗಿಗಳ ಅನುಭವವನ್ನು. ಅಮೆರಿಕದಲ್ಲಿ ಈ ಬಳಕೆಗೆ ಅಧಿಕೃತ ಒಪ್ಪಿಗೆ ದೊರೆತದ್ದು 2011ರಲ್ಲಿ.

ವಿಧಾನ ಹೀಗಿದೆ: ಸಾಮಾನ್ಯವಾಗಿ ತ್ರಿಕಾಸ್ಥಿಯ ಮೂರನೇ ರಂಧ್ರದ ಮೂಲಕ ತೆಳುವಾದ ತಂತಿ ಸೇರಿಸಿ, ಕೆಲವು ದಿನ ಅಥವಾ ವಾರ ಪರೀಕ್ಷಿಸುತ್ತಾರೆ. ರೋಗಿ ದಿನಚರಿ ಬರೆಯಬೇಕು. ಹಿಡಿತ ತಪ್ಪಿದ ಪ್ರಸಂಗಗಳು ಅರ್ಧದಷ್ಟಾದರೂ ಕಡಿಮೆಯಾದರೆ ಮಾತ್ರ, ಪೇಸ್‌ಮೇಕರ್‌ನಂಥ ಪುಟ್ಟ ಯಂತ್ರವನ್ನು ಪೃಷ್ಠದ ಚರ್ಮದಡಿ ಇಡುತ್ತಾರೆ.

ಅಚ್ಚರಿ ಕಾದಿದ್ದು ಆಮೇಲೆ. ಸ್ನಾಯುವಿನ ಬಿಗಿತ ಹೆಚ್ಚದವರಿಗೂ, ಸ್ನಾಯು ಹರಿದಿದ್ದ ಕೆಲವರಿಗೂ ಗುಣ ಕಂಡಿತು. ಹಾಗಾದರೆ ಈ ವಿದ್ಯುತ್ತು ಬಾಗಿಲನ್ನು ಮಾತ್ರ ಬಿಗಿ ಮಾಡುತ್ತಿಲ್ಲ. ಕರುಳಿನಿಂದ ಮಿದುಳಿಗೆ ಹೋಗುವ ಸಂದೇಶಗಳನ್ನೂ ಬದಲಿಸುತ್ತಿರಬೇಕು ಎಂಬ ವಿವರಣೆ ಬಲವಾಯಿತು. ಚಿಕಿತ್ಸೆ ಮೊದಲು ಬಂತು, ತಿಳಿವಳಿಕೆ ಇನ್ನೂ ಅದರ ಬೆನ್ನಟ್ಟಿ ಬರುತ್ತಿದೆ.

ಹಾಗೆಂದು ನರಕ್ಕೆ ವಿದ್ಯುತ್ ತಾಗಿಸಿದರೆ ಸಾಕೆಂದಲ್ಲ. ಪಾದದ ಗಂಟಿನ ಬಳಿ ಸೂಜಿ ಚುಚ್ಚಿ ನರವನ್ನು ಪ್ರಚೋದಿಸುವ ಸುಲಭ ವಿಧಾನವನ್ನು ಬ್ರಿಟನ್ನಿನಲ್ಲಿ 227 ರೋಗಿಗಳ ಮೇಲೆ ಪರೀಕ್ಷಿಸಿದರು. ಹುಸಿ ಚಿಕಿತ್ಸೆಗಿಂತ ಅದು ಗಣನೀಯವಾಗಿ ಮೇಲೆಂದು ಸಾಬೀತಾಗಲಿಲ್ಲ ಎಂದು 2015ರ ವರದಿ ಹೇಳಿತು.

ಈ ಚರಿತ್ರೆಯಲ್ಲಿ ಕಾಲ್ಡ್‌ವೆಲ್, ಮಾಟ್ಸೆಲ್ ಮುಂತಾದ ಹೆಸರುಗಳು ಉಳಿದಿವೆ. ದಿನಚರಿ ಬರೆದವರ ಹೆಸರುಗಳಿಲ್ಲ. ಆದರೆ ಯಂತ್ರ ಕೆಲಸ ಮಾಡಿತೋ ಇಲ್ಲವೋ ಎಂದು ತೀರ್ಮಾನಿಸಿದ್ದು ನಾಚಿಕೆ ಬದಿಗಿಟ್ಟು ಅವರು ಬರೆದ ಆ ಸಾಲುಗಳೇ.