ಕಪಿಲೆ ಬಾವಿಯ ಮೊದಲ ನೆಗೆತ

ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆಗೆ ಹೋದರೂ ಸರಿ, ಕೋಲಾರದಿಂದ ಮಾಲೂರಿನ ಕಡೆಗೆ ಇಳಿದರೂ ಸರಿ, ಹೊಲಗಳ ನಡುವೆ ಅಲ್ಲಲ್ಲಿ ಜೋಡಿ ಕಲ್ಲುಕಂಬಗಳು ಒಂಟಿಯಾಗಿ ನಿಂತಿರುತ್ತವೆ. ಕಂಬದ ಮುಂದೆ ಇಳಿಜಾರಾಗಿ ಹೋಗುವ ಮಣ್ಣಿನ ದಾರಿ, ಅದರ ತುಂಬ ಜಾಲಿ. ಕಂಬದ ಹಿಂದೆ ಬಾಯಿ ತೆರೆದ ದೊಡ್ಡ ಬಾವಿ. ತಳದಲ್ಲಿ ನೀರಿಲ್ಲ, ಕಸವಿದೆ. ಇವು ಕಪಿಲೆ ಬಾವಿಗಳು. ಎತ್ತರದ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ಹುಟ್ಟುವ ನಡುಕವನ್ನು ನಮ್ಮ ಸೀಮೆಯ ಮಕ್ಕಳು ಕಳೆದುಕೊಂಡದ್ದು ಇವುಗಳ ದಂಡೆಯ ಮೇಲೆ. ಆ ಕಲಿಕೆಗೆ ಒಂದು ಕ್ರಮವಿತ್ತು, ಕಲಿಸುವವರಿದ್ದರು, ಕಲಿಯುವುದಕ್ಕೆ ಇಂಥದ್ದೇ ಕಾಲ ಅಂತ ಇತ್ತು. ನಾನು ಮುಳಬಾಗಿಲು ತಾಲ್ಲೂಕಿನ ಹಳ್ಳಿಯವಳು, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಶಾಲೆಯಲ್ಲಿ ನಾನು ಕಲಿಸಿದ ಯಾವ ಪಾಠಕ್ಕೂ ಅಷ್ಟು ಅಚ್ಚುಕಟ್ಟಾದ ಕ್ರಮ ಇರಲಿಲ್ಲ ಎಂದು ಈಗಲೂ ನಂಬುತ್ತೇನೆ.

ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಘ್ನಿ ಎಲ್ಲವೂ ಮಳೆಯ ಜೊತೆ ಬಂದು ಮಳೆಯ ಜೊತೆ ಹೋಗುವಂಥವು. ಹಾಗಾಗಿ ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಒಂದರ ಕೆಳಗೊಂದು ಕೆರೆ ಕಟ್ಟಿದರು, ಕೆರೆಯ ಹಿಂದಿನ ಗದ್ದೆ ತೋಟಗಳಲ್ಲಿ ಬಾವಿ ತೋಡಿದರು. ಕೆರೆಯಲ್ಲಿ ನೀರು ನಿಂತರೆ ಬಾವಿಯಲ್ಲಿ ಜಲ ಏರುತ್ತಿತ್ತು. ತೋಡುವ ಕೆಲಸ ಭೋವಿ ಜನರದು. ಮೇಲಿನ ಮಣ್ಣನ್ನು ಗುದ್ದಲಿಯಲ್ಲಿ, ಅದರ ಕೆಳಗಿನ ಕೊಳೆಗಲ್ಲನ್ನು ಹಾರೆಯಲ್ಲಿ ಬಿಡಿಸಿ, ಗಟ್ಟಿಬಂಡೆ ಸಿಕ್ಕಿದ ಮೇಲೆ ಮದ್ದು ಸಿಡಿಸಿ 30, 40 ಅಡಿ ಇಳಿಯುತ್ತಿದ್ದರು. ಮೇಲ್ಭಾಗಕ್ಕೆ ಸೈಜುಗಲ್ಲಿನ ಕಟ್ಟಡ. ಆ ಗೋಡೆಯಲ್ಲಿ ಉದ್ದುದ್ದ ಕಲ್ಲುಗಳನ್ನು ಸೇರಿಸಿ, ಅವುಗಳ ತುದಿ ಬಾವಿಯ ಒಳಕ್ಕೆ ಚಾಚಿಕೊಳ್ಳುವಂತೆ ಬಿಡುತ್ತಿದ್ದರು. ಅದೇ ಮೆಟ್ಟಿಲು. ಕೈಹಿಡಿಗೆ ಏನೂ ಇಲ್ಲ, ಬಲಗೈ ಗೋಡೆಗೆ ಒತ್ತಿಕೊಂಡು ಇಳಿಯಬೇಕು.

ನೀರೆತ್ತುತ್ತಿದ್ದದ್ದು ಎತ್ತುಗಳು. ಕಂಬಗಳ ನಡುವಿನ ಗಾಲಿಯ ಮೇಲೆ ದಪ್ಪ ಹಗ್ಗ, ಹಗ್ಗದ ತುದಿಗೆ ತೊಗಲಿನ ದೊಡ್ಡ ಚೀಲ. ಇದೇ ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ಚೀಲ ಮೇಲೆ ಬಂದು ನೀರು ತೊಟ್ಟಿಗೆ ಸುರಿಯುತ್ತಿತ್ತು. ಹೊಡೆಯುವವನು ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಸೇರಿಸುತ್ತಿದ್ದ, ಕೂತೇ ಪದ ಹೇಳುತ್ತಿದ್ದ. ನನ್ನ ತಾತ ಕಪಿಲೆ ಹೊಡೆದವರು. ಮಧ್ಯಾಹ್ನ ಎತ್ತುಗಳನ್ನು ಬಿಚ್ಚಿ ಮೇವು ಹಾಕಿದ ಮೇಲೆ ಅದೇ ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದರು.

ಕಲಿಯುವ ಕಾಲದ ಬಗ್ಗೆ ಮೊದಲು ಹೇಳಬೇಕು, ಇಡೀ ವಿದ್ಯೆಯ ಗುಟ್ಟು ಇರುವುದು ಅಲ್ಲೇ. ನಮ್ಮಲ್ಲಿ ಮಳೆ ಚೆನ್ನಾಗಿ ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ದಸರಾ ರಜೆಯ ಹೊತ್ತಿಗೆ ಬಾವಿ ತುಂಬಿ ನೀರು ದಂಡೆಯಿಂದ ಕೈಗೆಟಕುವಷ್ಟು ಹತ್ತಿರ ಬಂದಿರುತ್ತಿತ್ತು. ಹೊಸ ಮಕ್ಕಳನ್ನು ಇಳಿಸುತ್ತಿದ್ದದ್ದು ಆಗ. ಆಗ ದಂಡೆಯಿಂದ ನೆಗೆಯುವುದೆಂದರೆ ಮನೆಯ ಜಗುಲಿಯಿಂದ ಬೀದಿಗೆ ನೆಗೆದಷ್ಟೇ. ಸಂಕ್ರಾಂತಿ ಹೊತ್ತಿಗೆ ನೀರು ಆಳೆತ್ತರ ಇಳಿದಿರುತ್ತಿತ್ತು, ಯುಗಾದಿಗೆ ಇನ್ನೂ ಕೆಳಗೆ. ದಂಡೆ ಅದೇ, ಕಲ್ಲು ಅದೇ, ನೆಗೆತ ಮಾತ್ರ ವಾರವಾರಕ್ಕೂ ಒಂದಿಷ್ಟು ಉದ್ದವಾಗುತ್ತಿತ್ತು. ಬೇಸಿಗೆಯಲ್ಲಿ 20 ಅಡಿಯಿಂದ ಡೈ ಹೊಡೆಯುವ ಹುಡುಗ ತಾನು ಯಾವ ದಿನ ಧೈರ್ಯವಂತನಾದೆ ಎಂದು ಹೇಳಲಾರ. ಎತ್ತರವನ್ನು ಅಷ್ಟು ಮೆಲ್ಲಗೆ ಏರಿಸಿದ ಮೇಷ್ಟ್ರು ನಮ್ಮ ಬಾವಿಯ ನೀರೇ.

ಬೇಸಿಗೆಯಲ್ಲಿ ಮೊದಲ ಸಲ ಬಂದ ನೆಂಟರ ಮಕ್ಕಳಿಗೆ ಬೇರೆ ದಾರಿ. ಅವರನ್ನು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲುಗಲ್ಲಿನಿಂದ ಶುರುಮಾಡಿಸಿ, ಅದು ಸಲೀಸಾದ ಮೇಲೆ ಒಂದು ಕಲ್ಲು ಮೇಲಕ್ಕೆ ಹತ್ತಿಸುತ್ತಿದ್ದರು.

ಹೊಸಬರ ಬೆನ್ನಿಗೆ ಬೆಂಡು. ಹೊಲದ ಬದುವಿನ ಕತ್ತಾಳೆ ಹೂಬಿಟ್ಟು ಒಣಗಿದರೆ ಅದರ ಕಂಬ ಬಹಳ ಹಗುರವಾಗುತ್ತದೆ. ಅದನ್ನು ಮೊಳದುದ್ದ ತುಂಡು ಮಾಡಿ, ಜೋಡಿಸಿ ಕಟ್ಟಿ, ಎದೆಯ ಮೇಲೆ ಗಂಟು ಹಾಕುತ್ತಿದ್ದರು. ಕೆಲವು ಊರುಗಳಲ್ಲಿ ಒಣಗಿದ ಸೋರೆಬುರುಡೆ, ಆಮೇಲಿನ ಕಾಲದಲ್ಲಿ ಖಾಲಿ ಎಣ್ಣೆ ಕ್ಯಾನು, ಲಾರಿ ಟ್ಯೂಬು. ತಾತ ಗಂಟನ್ನು ಮಗುವಿನ ಕಣ್ಣೆದುರೇ ಬಿಗಿದು, ಬೆಂಡನ್ನು ಹಿಡಿದು ಮಗುವನ್ನು ನೆಲದಿಂದ ಮೇಲಕ್ಕೆತ್ತಿ ತೋರಿಸುತ್ತಿದ್ದರು: ನಿನ್ನ ಭಾರಕ್ಕೆ ಇದು ಬಿಚ್ಚಿಕೊಳ್ಳುವುದಿಲ್ಲ ನೋಡು ಎಂದು. ಬಾಯಲ್ಲಿ ಎಷ್ಟು ಹೇಳಿದರೂ ಬಾರದ ನಂಬಿಕೆ ಹಾಗೆ ಎತ್ತಿ ತೋರಿಸಿದಾಗ ಬರುತ್ತಿತ್ತು. ದಿನ ಕಳೆದಂತೆ ಬೆಂಡಿನ ಕಟ್ಟಿನಿಂದ ಒಂದೊಂದೇ ತುಂಡು ತೆಗೆಯುತ್ತಿದ್ದರು. ಅದನ್ನು ಮಾತ್ರ ನಮಗೆ ಹೇಳುತ್ತಿರಲಿಲ್ಲ.

ಆದರೂ ದಂಡೆಯ ಮೇಲೆ ಭಯ ಬಂದೇ ಬರುತ್ತಿತ್ತು. ಮಂಡಿ ನಡುಗುತ್ತಿತ್ತು, ಬಾಯಿ ಒಣಗುತ್ತಿತ್ತು, ಹೊಟ್ಟೆಯೊಳಗೆ ಏನೋ ತೊಳಸಿದಂತಾಗುತ್ತಿತ್ತು. ತಾತ ಪಕ್ಕದಲ್ಲೇ ನಿಂತು ಹೇಳುತ್ತಿದ್ದರು: "ನೀರು ನೋಡಬೇಡ ಅಮ್ಮಣ್ಣಿ, ಎದುರುಗಡೆ ಗೋಡೆ ನೋಡು. ಕಾಲು ಎರಡೂ ಜೋಡಿಸ್ಕೋ. ಉಸಿರು ಬಿಟ್ಟು ಆಮೇಲೆ ಹಿಡ್ಕೋ. ಮೂರು ಅಂದ್ಮೇಲೆ ಯೋಚನೆ ಮಾಡ್ಕೊಂಡು ನಿಲ್ಲಬೇಡ." ಮೂರು ಎಂದ ಮೇಲೂ ಕಾಲು ಏಳದಿದ್ದರೆ ಗದರುತ್ತಿರಲಿಲ್ಲ. "ಸರಿ, ಕೂತ್ಕೊಂಡು ಅವರು ಬೀಳೋದು ನೋಡು" ಎಂದು ನೆರಳಿಗೆ ಕಳಿಸುತ್ತಿದ್ದರು. ನೋಡಿ ನೋಡಿ ಮಗು ತಾನೇ ಎದ್ದು ಬರಬೇಕು. ಹಿಂದಿನಿಂದ ತಳ್ಳಿಬಿಡುವ ಹಿರಿಯರೂ ಊರಿನಲ್ಲಿದ್ದರು, ಅದನ್ನೇ ಗಂಡಸುತನದ ಪಾಠ ಎಂದುಕೊಂಡವರು. ಹಾಗೆ ತಳ್ಳಿಸಿಕೊಂಡ ಹಲವರು ಇವತ್ತಿಗೂ ಬಾವಿಯ ದಂಡೆಗೆ ಹೋಗುವುದಿಲ್ಲ. ತಳ್ಳುವುದರಿಂದ ಭಯ ಹೋಗುವುದಿಲ್ಲ, ಒಳಗೆ ಇಳಿದು ಕೂರುತ್ತದೆ. ಇದನ್ನು ತರಗತಿಯಲ್ಲೂ ನೋಡಿದ್ದೇನೆ.

ಇನ್ನೂ ಒಂದು ಕಟ್ಟುಪಾಡು ಇತ್ತು. ಯಾರೇ ನೆಗೆಯುವ ಮುಂಚೆ ದೊಡ್ಡವರೊಬ್ಬರು ಮೆಟ್ಟಿಲಿಳಿದು ಮುಳುಗಿ, ನೀರು ಎರಡಾಳು ಇದೆಯೇ, ತಳದಲ್ಲಿ ಕಲ್ಲು ಉರುಳಿದೆಯೇ, ಬಳ್ಳಿ ಕೊಂಬೆ ಬಿದ್ದಿದೆಯೇ ಎಂದು ಕಾಲಾಡಿಸಿ ನೋಡಬೇಕು. ಎರಡಾಳಿಗಿಂತ ಕಡಿಮೆಯಾದ ದಿನದಿಂದ ನೆಗೆತ ಬಂದ್. 30 ಅಡಿಯಿಂದ ಬಿದ್ದವನು ನೀರು ಮುಟ್ಟುವುದಕ್ಕೆ ಒಂದೂವರೆ ಸೆಕೆಂಡೂ ಬೇಡ. ಮುಟ್ಟುವಾಗ ಅವನ ವೇಗ ಗಂಟೆಗೆ ಸುಮಾರು 48 ಕಿಲೋಮೀಟರ್. ಲೆಕ್ಕ ಗೊತ್ತಿಲ್ಲದ ನಮ್ಮ ತಾತನಿಗೆ ಏಟು ಗೊತ್ತಿತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸೇನೆ ಸೇರಿ ಪ್ಯಾರಾಚೂಟ್ ರೆಜಿಮೆಂಟಿಗೆ ಹೋದ. ಆ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ವಿಮಾನದಿಂದ ಹಾರುವುದನ್ನು ಕಲಿಸುವುದು ಆಗ್ರಾದ ವಾಯುಪಡೆ ಶಾಲೆಯಲ್ಲಿ. ರಜೆಗೆ ಬಂದಾಗ ಅವನು ಹೇಳಿದ್ದನ್ನು ಕೇಳಿ ನನಗೆ ಆಶ್ಚರ್ಯವಾಯಿತು. "ಅಲ್ಲೂ ಅದೇ ಹೇಳ್ತಾರೆ ಮೇಡಂ. ಬಾಗಿಲಲ್ಲಿ ನಿಂತಾಗ ಕೆಳಗೆ ನೋಡಬೇಡ, ಎದುರಿಗೆ ನೋಡು. ಇಳಿಯೋವಾಗ ಪಾದ, ಮಂಡಿ ಜೋಡಿಸ್ಕೋ." ಮೊದಲು ನೆಲದ ಮೇಲೆ, ಆಮೇಲೆ ಕಟ್ಟೆಯಿಂದ, ಆಮೇಲೆ ಗೋಪುರದಿಂದ, ಕೊನೆಗೆ ವಿಮಾನದಿಂದ. ಹೊಸಬರ ಪ್ಯಾರಾಚೂಟಿನ ಪಟ್ಟಿಯನ್ನು ವಿಮಾನದೊಳಗಿನ ತಂತಿಗೆ ಸಿಕ್ಕಿಸಿರುತ್ತಾರೆ, ಹಾರಿದೊಡನೆ ಪ್ಯಾರಾಚೂಟ್ ತಾನೇ ಬಿಚ್ಚಿಕೊಳ್ಳುತ್ತದೆ. ಭಯದಲ್ಲಿ ಕೈ ಆಡದಿದ್ದರೂ ಜೀವಕ್ಕೆ ಅಪಾಯವಿಲ್ಲ. ಬೆನ್ನಿನ ಬೆಂಡು ಮಾಡುತ್ತಿದ್ದದ್ದು ಇದನ್ನೇ. ನಮ್ಮ ದೇಶದ ಸೈನಿಕರು ಪ್ಯಾರಾಚೂಟಿನಲ್ಲಿ ಮೊದಲು ಹಾರಿದ್ದು 1941ರಲ್ಲಿ, ಕರಾಚಿಯಲ್ಲಿ. ಅಲ್ಲಿ ಹಾರಿದ ಮೊದಲ ಭಾರತೀಯರಲ್ಲಿ ಒಬ್ಬರು ಸೇನಾ ವೈದ್ಯ ಎ.ಜಿ. ರಂಗರಾಜ್, ಮುಂದೆ ಕೊರಿಯಾ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಮಹಾವೀರ ಚಕ್ರ ಪಡೆದವರು. ಈಗ ಹವ್ಯಾಸಕ್ಕೆ ಸ್ಕೈಡೈವಿಂಗ್ ಮಾಡುವವರು ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಬೀಳುತ್ತಾರೆ, ಹೊಸಬರನ್ನು ಗುರು ತನ್ನ ಎದೆಗೇ ಕಟ್ಟಿಕೊಂಡು ಹಾರುತ್ತಾನೆ. ಎತ್ತರ ಬೇರೆ, ವೇಗ ಬೇರೆ. ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು, ಮೊದಲ ಸಲ ಜೀವದ ಹೊಣೆಯನ್ನು ಇನ್ನೊಬ್ಬರು ಹೊರುವುದು, ಇವೆರಡು ಅಲ್ಲಿಯೂ ಇವೆ, ನಮ್ಮ ಬಾವಿಯಲ್ಲೂ ಇದ್ದವು.

ಹಾಗೆಂದು ಆ ಕಾಲವನ್ನು ಬರೀ ಹೊಗಳಿ ಬಿಡಲು ನನಗೆ ಮನಸ್ಸಿಲ್ಲ. ಬಾವಿ ಎಲ್ಲರದಾಗಿರಲಿಲ್ಲ. ಅದನ್ನು ತೋಡಿದವರ ಮಕ್ಕಳೇ ನೀರು ಬಂದ ಮೇಲೆ ಅದರ ದಂಡೆ ಹತ್ತುವಂತಿರಲಿಲ್ಲ ಎನ್ನುವ ಊರುಗಳಿದ್ದವು. ದಲಿತ ಕೇರಿಯ ಮಕ್ಕಳು ಈಜು ಕಲಿತದ್ದು ಕೆರೆಯ ತೂಬಿನ ಹತ್ತಿರ, ಕಲ್ಲು ತೆಗೆದ ಹಳ್ಳಗಳಲ್ಲಿ. ಬೆಂಡು ಕಟ್ಟುವವರಿಲ್ಲದೆ, ತಳ ನೋಡುವವರಿಲ್ಲದೆ. 1927ರಲ್ಲಿ ಅಂಬೇಡ್ಕರ್ ಮಹಾಡಿನ ಕೆರೆಯ ನೀರು ಮುಟ್ಟಿ, ನೀರು ಎಲ್ಲರದು ಎಂದು ಸಾರಿದರು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಆ ಮಾತು ಗಟ್ಟಿಯಾಗಿ ಕೇಳಿಸಿದ್ದು 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಕೋಲಾರದಲ್ಲಿ ಬೇರೂರಿದ ಮೇಲೆ. ಹೆಣ್ಣುಮಕ್ಕಳ ಕಥೆ ಇನ್ನೊಂದು. ನನ್ನ ತಾತ ಮೊಮ್ಮಗಳೆಂದು ಬೇರೆ ಮಾಡಲಿಲ್ಲ, ಆದರೆ ದೊಡ್ಡವಳಾದ ದಿನದಿಂದ ಮನೆಯ ಹೆಂಗಸರು ನನ್ನನ್ನು ಬಾವಿ ಕಡೆಗೆ ಬಿಡಲಿಲ್ಲ. ನನ್ನ ಓರಗೆಯ ಬಹಳಷ್ಟು ಹುಡುಗಿಯರು ಒಂದು ಸಲವೂ ನೀರಿಗೆ ಇಳಿಯಲಿಲ್ಲ.

ಪಂಪ್‌ಸೆಟ್ಟು ಬಂದು ಕಪಿಲೆ ನಿಂತಿತು. ಆಗಲೂ ಈಜಿಗೆ ಅಡ್ಡಿಯಾಗಲಿಲ್ಲ. ಬಾವಿಯನ್ನು ಕೊಂದದ್ದು ಬೋರ್‌ವೆಲ್. ತಿರುಚೆಂಗೋಡಿನ ಲಾರಿಗಳು ಬಂದು ಒಂದು ತೋಟದಲ್ಲಿ 200 ಅಡಿ ಕೊರೆದರೆ, ಪಕ್ಕದವನು 400 ಅಡಿ ಕೊರೆಸಿದ. ಈಗ ಸಾವಿರ ಅಡಿ ದಾಟಿದರೂ ಧೂಳು ಬರುವ ಜಾಗಗಳಿವೆ. ಜಲ ಬಾವಿಯ ತಳಕ್ಕಿಂತ ಕೆಳಗೆ ಹೋದ ಮೇಲೆ ಬಾವಿ ಒಣಗದೆ ಏನು ಮಾಡೀತು? ಕೆರೆಗಳು ಹೂಳು ತುಂಬಿದವು, ನೀಲಗಿರಿ ತೋಪುಗಳು ಹಬ್ಬಿದವು. ಜಿಲ್ಲೆಯ ತಾಲ್ಲೂಕುಗಳೆಲ್ಲ ಅಂತರ್ಜಲ ಮಿತಿಮೀರಿ ಬಳಸಿದ ಪಟ್ಟಿಯಲ್ಲಿವೆ. 1990ರ ದಶಕದ ನಂತರ ಹುಟ್ಟಿದ ನನ್ನ ವಿದ್ಯಾರ್ಥಿಗಳಲ್ಲಿ ತೆರೆದ ಬಾವಿಯಲ್ಲಿ ನೀರು ನೋಡಿದವರೇ ಅಪರೂಪ.

ಹೀಗೆ ಈಜು ಬಾರದ ಒಂದು ತಲೆಮಾರು ಬೆಳೆದು ನಿಂತಿರುವಾಗ ನೀರು ತಿರುಗಿ ಬಂದಿದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಆಗಬೇಕೆಂಬ ರೈತರ ಬೇಡಿಕೆ ನ್ಯಾಯವಾದದ್ದು, ಅದು ಆಗುವವರೆಗೆ ಆ ನೀರಿನಲ್ಲಿ ಮಕ್ಕಳು ಈಜಲಿ ಎಂದು ನಾನು ಹೇಳುವುದಿಲ್ಲ. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಿಂದ ತೋಟತೋಟಕ್ಕೂ ಕೃಷಿಹೊಂಡ. ಈ ಹೊಂಡಗಳಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿದರೆ ಕಾಲು ನಿಲ್ಲುವುದಿಲ್ಲ, ಹಿಡಿದು ಮೇಲೆ ಬರಲು ಒಂದು ಕಲ್ಲೂ ಇಲ್ಲ. ಮಾಲೂರಿನ ಕಡೆ ಇಟ್ಟಿಗೆಗೆ ಮಣ್ಣು ತೆಗೆದ ಹಳ್ಳಗಳಲ್ಲಿ ಮಳೆನೀರು ನಿಲ್ಲುತ್ತದೆ. ಚೆಂಡು ತೆಗೆಯಲು, ಕೈಕಾಲು ತೊಳೆಯಲು ಹೋದ ಮಕ್ಕಳು ಜಾರಿ ಮುಳುಗಿದ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. 2024ರ ಡಿಸೆಂಬರ್‌ನಲ್ಲಿ ನಮ್ಮ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಪ್ರವಾಸಕ್ಕೆ ಹೋಗಿ ಮುರ್ಡೇಶ್ವರದ ಸಮುದ್ರದಲ್ಲಿ ತೀರಿಕೊಂಡರು. ಸಮುದ್ರದ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ, ನಿಜ. ಆದರೂ ನೀರನ್ನು ಬಲ್ಲ ಮಗುವಿಗೆ ಎಲ್ಲಿ ಇಳಿಯಬಾರದು ಎಂಬುದೂ ತಿಳಿದಿರುತ್ತದೆ. ಆ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಗ್ರಾಮ ಪಂಚಾಯಿತಿಯವರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಹೋಬಳಿಗೊಂದು ಹಳೆಯ ಬಾವಿಯನ್ನು ಉದ್ಯೋಗ ಖಾತರಿಯಲ್ಲಿ ಹೂಳೆತ್ತಿಸಿ, ಮೆಟ್ಟಿಲುಗಲ್ಲು ಭದ್ರ ಮಾಡಿಸಿ, ಕಂಬಿ ಹಾಕಿಸಿ, ಬೀಗದ ಕೈಯನ್ನು ಹೊಣೆ ಹೊರುವ ಒಬ್ಬರ ಹತ್ತಿರ ಕೊಡಿ. ಪ್ರತಿ ಕೃಷಿಹೊಂಡಕ್ಕೂ ಬೇಲಿ ಇರಲಿ, ಅಡ್ಡಲಾಗಿ ಗಂಟುಹಗ್ಗ ಕಟ್ಟಿರಲಿ, ಗಾಳಿ ತುಂಬಿದ ಟ್ಯೂಬು ಪಕ್ಕದಲ್ಲಿರಲಿ. ಕಲಿಯುವವರಲ್ಲಿ ಹುಡುಗಿಯರು ಮೊದಲಿರಲಿ, ಊರು ಕೇರಿ ಎಂಬ ಭೇದ ಬೇಡ. ಬೆಂಡು ಕಟ್ಟಿ, ತಳ ನೋಡಿ, ಮೂರು ಎಣಿಸಿ ಕಲಿಸಬಲ್ಲವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ. ಬರುವ ದಸರಾ ರಜೆಗೇ ಅವರನ್ನು ಕರೆಯಿರಿ.