ಅಮೆರಿಕದ ವೃತ್ತಿಪರ ಕುಸ್ತಿ: ಪ್ರಮೋಟರ್‌ಗಳ ಪೈಪೋಟಿ

ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ತೀರ್ಮಾನವಾಗದೆ ನಡೆದ ಕಾಳಗವೆಂದರೆ ಅದನ್ನು ಏರ್ಪಡಿಸುವ ಪ್ರಮೋಟರ್‌ಗಳದ್ದೇ. ಅದರಲ್ಲಿ ಗೆದ್ದವನು ವಿನ್ಸ್ ಮೆಕ್‌ಮಹನ್. ಅವನು ಕುಸ್ತಿಯನ್ನು ಬೆಳೆಸಿದನೋ ಕೆಡಿಸಿದನೋ ಎಂಬ ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ.

1948ರಲ್ಲಿ ಅಯೋವಾ ರಾಜ್ಯದ ವಾಟರ್‌ಲೂನಲ್ಲಿ ಕೆಲವು ಪ್ರಮೋಟರ್‌ಗಳು ಸೇರಿ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಕಟ್ಟಿಕೊಂಡರು. ಹೊಲಕ್ಕೆ ಬದು ಹಾಕಿದಂತೆ ಸೀಮೆಗಳನ್ನು ಹಂಚಿಕೊಂಡು, ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡಬಾರದೆಂದು ಒಪ್ಪಂದ ಮಾಡಿಕೊಂಡರು. ಈ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವವರು 1956ನ್ನು ಮರೆಯುತ್ತಾರೆ. ಪೈಪೋಟಿಯನ್ನು ಹತ್ತಿಕ್ಕುತ್ತಿದ್ದೀರಿ ಎಂದು ಅಮೆರಿಕದ ನ್ಯಾಯ ಇಲಾಖೆ ಆ ವರ್ಷ ಈ ಕೂಟವನ್ನು ಒಪ್ಪಂದದ ತೀರ್ಪಿಗೆ ಕಟ್ಟಿಹಾಕಿತ್ತು.

ಮೆಕ್‌ಮಹನ್ 1982ರಲ್ಲಿ ತಂದೆಯಿಂದಲೂ ಅವರ ಪಾಲುದಾರರಿಂದಲೂ ನ್ಯೂಯಾರ್ಕ್ ಸೀಮೆಯ ಕಂಪನಿಯನ್ನು ಕೊಂಡ. ಆಮೇಲೆ ಬದುಗಳನ್ನು ಒಂದೊಂದಾಗಿ ಒಡೆದ. ಮಿನಿಯಾಪೊಲಿಸ್‌ನ ವರ್ನ್ ಗಾನ್ಯಾ ಬಳಿಯಿದ್ದ ಹಲ್ಕ್ ಹೋಗನ್‌ನನ್ನು ಸೆಳೆದುಕೊಂಡ. ಬೇರೆಯವರ ಊರುಗಳಲ್ಲಿ ಟಿವಿ ಸಮಯ ಖರೀದಿಸಿದ. 1985ರ ಮಾರ್ಚ್ 31ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ರೆಸಲ್‌ಮೇನಿಯಾ ನಡೆಸಿದ. ತೊಂಬತ್ತರ ದಶಕದಲ್ಲಿ ನಮ್ಮೂರ ಅಂಗಡಿಗಳಲ್ಲಿ ಮಾರುತ್ತಿದ್ದ ಟ್ರಂಪ್ ಕಾರ್ಡ್‌ಗಳಲ್ಲಿ ಮಕ್ಕಳು ಎತ್ತರ, ತೂಕ ಬಾಯಿಪಾಠ ಮಾಡಿದ ಜಟ್ಟಿಗಳು ಇವನ ಕಂಪನಿಯವರೇ.

ಅವನ ವ್ಯಾಪಾರದ ಪಟ್ಟು ಎಂಥದ್ದೆಂದು ತಿಳಿಯಲು 1987ರ ನವೆಂಬರ್ 26 ಸಾಕು. ಅದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ದಕ್ಷಿಣದ ಪ್ರಮೋಟರ್ ಜಿಮ್ ಕ್ರಾಕೆಟ್ ತನ್ನ ವಾರ್ಷಿಕ ಜಾತ್ರೆ ಸ್ಟಾರ್‌ಕೇಡ್ ಅನ್ನು ಮೊದಲ ಬಾರಿಗೆ ಹಣ ಕೊಟ್ಟು ನೋಡುವ ಕೇಬಲ್‌ಗೆ ತಂದಿದ್ದ. ಮೆಕ್‌ಮಹನ್ ಅದೇ ದಿನಕ್ಕೆ ಸರ್ವೈವರ್ ಸೀರೀಸ್ ಎಂಬ ಹೊಸ ಪಂದ್ಯಾವಳಿ ಹುಟ್ಟಿಸಿ, ಕ್ರಾಕೆಟ್‌ನದನ್ನು ಹಾಕಿದವರಿಗೆ ಮುಂದಿನ ರೆಸಲ್‌ಮೇನಿಯಾ ಸಿಗದು ಎಂದು ಕೇಬಲ್ ಕಂಪನಿಗಳಿಗೆ ಹೇಳಿಬಿಟ್ಟ. ಕ್ರಾಕೆಟ್ ಪಾಲಿಗೆ ಉಳಿದದ್ದು ಬೆರಳೆಣಿಕೆಯ ಕಂಪನಿಗಳು. ಮುಂದಿನ ಮಾರ್ಚ್‌ನಲ್ಲಿ ಅವನು ರೆಸಲ್‌ಮೇನಿಯಾಗೆ ಎದುರಾಗಿ ಅದೇ ದಿನ ಪುಕ್ಕಟೆ ಪಂದ್ಯಗಳನ್ನು ಟಿವಿಯಲ್ಲಿ ತೋರಿಸಿ ಸೇಡು ತೀರಿಸಿಕೊಂಡನಾದರೂ, ಅಷ್ಟು ಹೊತ್ತಿಗೆ ಖಜಾನೆ ಬರಿದಾಗುತ್ತಿತ್ತು. 1988ರ ಕೊನೆಗೆ ಕಂಪನಿ ಟೆಡ್ ಟರ್ನರ್ ಕೈಸೇರಿ ಡಬ್ಲ್ಯುಸಿಡಬ್ಲ್ಯು ಆಯಿತು. ಗಾನ್ಯಾ ಅಂಗಡಿ 1991ರಲ್ಲಿ ಮುಚ್ಚಿತು.

ಟರ್ನರ್ ಬಳಗದ ಎರಿಕ್ ಬಿಶಾಫ್ 1995ರ ಸೆಪ್ಟೆಂಬರ್ 4ರಂದು ಮೆಕ್‌ಮಹನ್‌ನ ಟಿವಿ ಕಾರ್ಯಕ್ರಮ ‘ರಾ’ಗೆ ಎದುರಾಗಿ ಸೋಮವಾರವೇ ‘ನೈಟ್ರೋ’ ಶುರುಮಾಡಿದ. ದುಡ್ಡು ಸುರಿದು ಹೋಗನ್ ಮೊದಲಾದವರನ್ನು ಸೆಳೆದುಕೊಂಡಿದ್ದ. ಅಂದರೆ ಮೆಕ್‌ಮಹನ್ ಕಲಿಸಿದ ಪಾಠವನ್ನೇ ಅವನಿಗೆ ಒಪ್ಪಿಸಿದ. 1996ರಿಂದ 1998ರವರೆಗೆ 83 ವಾರ ಸತತವಾಗಿ ವೀಕ್ಷಕರ ಲೆಕ್ಕದಲ್ಲಿ ಮುಂದಿದ್ದ. 1999ರ ಜನವರಿ 4ರಂದು, ಮೊದಲೇ ಚಿತ್ರೀಕರಿಸಿಟ್ಟಿದ್ದ ಎದುರಾಳಿ ಕಾರ್ಯಕ್ರಮದಲ್ಲಿ ಮಿಕ್ ಫೋಲಿ ಚಾಂಪಿಯನ್ ಆಗುತ್ತಾನೆಂದು ನೈಟ್ರೋದ ವೀಕ್ಷಕ ವಿವರಣೆಕಾರ ಲೇವಡಿಯ ದನಿಯಲ್ಲಿ ಗುಟ್ಟು ಬಿಟ್ಟುಕೊಟ್ಟ. ಲಕ್ಷಾಂತರ ಜನ ತಕ್ಷಣ ಚಾನೆಲ್ ಬದಲಿಸಿ ಫೋಲಿಯನ್ನೇ ನೋಡಿದರು. ಅದೇ ರಾತ್ರಿ ನೈಟ್ರೋದಲ್ಲಿ ಹೋಗನ್ ಎದೆಗೆ ಒಂದು ಬೆರಳು ತಾಗಿಸಿದ್ದಕ್ಕೆ ಕೆವಿನ್ ನ್ಯಾಶ್ ಅಂಗಾತ ಬಿದ್ದು ಪಟ್ಟ ಬಿಟ್ಟುಕೊಟ್ಟ!

ಆದರೂ ಡಬ್ಲ್ಯುಸಿಡಬ್ಲ್ಯುವನ್ನು ಮುಗಿಸಿದ್ದು ಬೆರಳಲ್ಲ, ಕಚೇರಿ. ಎಒಎಲ್ ಜೊತೆ ಟೈಮ್ ವಾರ್ನರ್ ವಿಲೀನವಾದ ಮೇಲೆ ಹೊಸ ಅಧಿಕಾರಿಗಳು ಟರ್ನರ್ ಚಾನೆಲ್‌ಗಳಿಂದ ಕುಸ್ತಿಯನ್ನೇ ತೆಗೆದುಹಾಕಿದರು. ಟಿವಿ ಸಮಯವಿಲ್ಲದ ಕಂಪನಿಯನ್ನು ಕೊಳ್ಳಲು ಬಿಶಾಫ್ ಬೆನ್ನಿಗಿದ್ದ ಹೂಡಿಕೆದಾರರು ಹಿಂಜರಿದರು. 2001ರ ಮಾರ್ಚ್‌ನಲ್ಲಿ ಮೆಕ್‌ಮಹನ್ ಅದನ್ನು ಅಗ್ಗಕ್ಕೆ ಎತ್ತಿಕೊಂಡ. ಮೂರನೆಯ ಸ್ಪರ್ಧಿ ಪಾಲ್ ಹೇಮನ್‌ನ ಇಸಿಡಬ್ಲ್ಯು ಅದೇ ಹೊತ್ತಿಗೆ ದಿವಾಳಿಯಾಯಿತು.

ಹಳೆಯ ಸೀಮೆಗಳನ್ನು ಮೆಕ್‌ಮಹನ್ ಕೊಂದನೆಂಬ ದೂರು ಅರ್ಧ ಸತ್ಯ. ಕೇಬಲ್ ಟಿವಿ ದೇಶವ್ಯಾಪಿಯಾದ ಮೇಲೆ ಬದುಗಳು ಹೇಗೂ ಉಳಿಯುತ್ತಿರಲಿಲ್ಲ. ಕ್ರಾಕೆಟ್ ಕೂಡ ಕೈಲಾದಷ್ಟು ಸೀಮೆಗಳನ್ನು ನುಂಗಿದವನೇ. ನಿಜವಾದ ನಷ್ಟ ಜಟ್ಟಿಗಳದ್ದು. ಮೊದಲು ಒಬ್ಬನ ಜೊತೆ ಮನಸ್ತಾಪವಾದರೆ ಪಕ್ಕದ ಸೀಮೆಗೆ ಹೋಗಬಹುದಿತ್ತು; 2001ರ ನಂತರ ಅಮೆರಿಕದಲ್ಲಿ ದೊಡ್ಡ ಬಾಗಿಲು ಒಂದೇ ಉಳಿಯಿತು. ಎಂಬತ್ತರ ದಶಕದಲ್ಲಿ ಜೆಸ್ಸಿ ವೆಂಚುರಾ ಎಂಬ ಜಟ್ಟಿ ಕುಸ್ತಿಪಟುಗಳ ಸಂಘ ಕಟ್ಟಲು ಯತ್ನಿಸಿದಾಗ ಸುದ್ದಿ ಒಡೆಯನ ಕಿವಿಗೆ ಬಿದ್ದು ಅದು ಮೊಳಕೆಯಲ್ಲೇ ಬಾಡಿತು.

ಮಾಜಿ ಉದ್ಯೋಗಿಯೊಬ್ಬರ ಲೈಂಗಿಕ ದೌರ್ಜನ್ಯದ ಮೊಕದ್ದಮೆಯ ಬೆನ್ನಲ್ಲೇ 2024ರ ಜನವರಿಯಲ್ಲಿ ಮೆಕ್‌ಮಹನ್ ಹುದ್ದೆ ತೊರೆದ. ಆರೋಪವನ್ನು ಅವನು ಅಲ್ಲಗಳೆದಿದ್ದಾನೆ. ಅವನು ಕಟ್ಟಿದ ಕಂಪನಿಯ ಜಟ್ಟಿಗಳು ಕಾಗದದ ಮೇಲೆ ಇಂದಿಗೂ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು.