ಆಟ ಪೂಜೆಯೋ, ಶೋನೋ? ಘಟ್ಟದ ಮೇಲಿನ ಟೆಂಟು, ಭಾಗವತರ ಪದ್ಯ ಮತ್ತು ‘ಮನೆಮಂದಿಯೆಲ್ಲ’ ಎಂಬ ಮಾತು

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತೆ. ದೇವಿ ಗದ್ದುಗೆಯ ಮೇಲೆ ಕೂತಿರ್ತಾಳೆ. ಸ್ವಲ್ಪ ದೂರದಲ್ಲಿ ತೊಟ್ಟಿಲು, ಸರ್ಕಸ್ಸು, ನಾಟಕ ಕಂಪನಿಗಳ ಟೆಂಟು, ಯಕ್ಷಗಾನದ ಟೆಂಟು. ಎಲ್ಲ ಕಡೆಯ ಮೈಕೂ ಒಂದೇ ಸಲ ಕೂಗುತ್ತೆ. ಹೋದ ಸಲ ಬೆಂಗಳೂರಿನಿಂದ ಬಂದಿದ್ದ ಗೆಳೆಯನೊಬ್ಬ ಯಕ್ಷಗಾನದ ಟೆಂಟಿನ ಮುಂದೆ ನಿಂತು ಕೇಳಿದ: ‘ಒಳಗೆ ದೇವರ ಪೂಜೆ ಮಾಡ್ತಾರೆ ಅಂತೀಯ, ಹೊರಗೆ ಟಿಕೆಟ್ ಹರೀತಾರೆ. ಇದು ಭಕ್ತಿಯೋ, ಬಿಸಿನೆಸ್ಸೋ?’

ನಾನು ಸಿದ್ದಾಪುರದ ಕಡೆಯವನು. ಆಟ ನೋಡುತ್ತಲೇ, ಅಂದರೆ ಅರ್ಧ ನಿದ್ದೆಯಲ್ಲಿ ನೋಡುತ್ತಲೇ ಬೆಳೆದವನು. ಆದರೂ ಅವನಿಗೆ ತಕ್ಷಣ ಉತ್ತರ ಹೇಳೋಕೆ ಆಗಲಿಲ್ಲ. ಈ ಬರಹ ಆ ಬಾಕಿ ಉತ್ತರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ದೇವರ ಹೆಸರಿನ ಹಾಡುಗಾರಿಕೆ ಹೇಗೆ ಎಲ್ಲರೂ ನೋಡುವ ಮನರಂಜನೆಯಾಯಿತು, ಅದರಲ್ಲಿ ಯಾರಿಗೆ ಏನು ಸಿಕ್ಕಿತು, ಯಾರು ಹೊರಗುಳಿದರು ಅನ್ನೋದನ್ನ ಹೊಸಬರಿಗೂ ತಿಳಿಯುವಂತೆ ಬರೆಯಲು ನೋಡ್ತೀನಿ.

ಮೊದಲು ಒಂದಿಷ್ಟು ಪದಗಳು

ನಮ್ಮ ಕಡೆ ‘ಯಕ್ಷಗಾನಕ್ಕೆ ಹೋಗ್ತೀನಿ’ ಅನ್ನೋರು ಕಡಿಮೆ. ‘ಆಟಕ್ಕೆ ಹೋಗೋದು’. ಆಟದಲ್ಲಿ ಎರಡು ಭಾಗ. ಹಿಮ್ಮೇಳದಲ್ಲಿ ಭಾಗವತರು, ಮದ್ದಳೆ, ಚಂಡೆ. ಮುಮ್ಮೇಳದಲ್ಲಿ ವೇಷಧಾರಿಗಳು. ಭಾಗವತರು ಪದ್ಯ ಹಾಡ್ತಾರೆ, ವೇಷಧಾರಿ ಅದಕ್ಕೆ ಕುಣಿದು, ಆಮೇಲೆ ತನ್ನದೇ ಮಾತಿನಲ್ಲಿ ‘ಅರ್ಥ’ ಹೇಳ್ತಾನೆ. ಮಾತು ಬರೆದಿಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ಭಾಗವತರನ್ನು ‘ಮೊದಲ ವೇಷ’ ಅಂತಲೂ ಕರೆಯೋದುಂಟು. ಬಣ್ಣ ಹಚ್ಚದಿದ್ದರೂ ಇಡೀ ಆಟ ನಡೆಸೋರು ಅವರೇ. ಯಾವ ಪದ್ಯ ಬಿಡಬೇಕು, ಯಾವುದನ್ನ ಎಳೆಯಬೇಕು, ಯಾವಾಗ ಏರುಪದ್ಯಕ್ಕೆ ಹೋಗಬೇಕು ಅನ್ನೋದು ಅವರ ಕೈಯ ತಾಳದಲ್ಲಿದೆ.

ದಕ್ಷಿಣ ಕನ್ನಡ, ಕಾಸರಗೋಡಿನದು ತೆಂಕುತಿಟ್ಟು. ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು. ಉತ್ತರ ಕನ್ನಡದ ಶೈಲಿಗೆ ಬಡಾಬಡಗು ಅಂತ ಬೇರೆಯೇ ಹೆಸರಿದೆ. ವೇಷ, ಕುಣಿತ ಎರಡೂ ಇಲ್ಲದೆ ಬರೀ ಹಿಮ್ಮೇಳ ಮತ್ತು ಮಾತಿನಲ್ಲಿ ನಡೆಯೋದು ತಾಳಮದ್ದಳೆ. ಮಳೆಗಾಲದಲ್ಲಿ ಬಯಲಾಟ ನಿಂತಾಗ ಘಟ್ಟದ ಮನೆಗಳ ಜಗಲಿ, ದೇವಸ್ಥಾನದ ಚಂದ್ರಶಾಲೆ ತಾಳಮದ್ದಳೆಯ ಜಾಗ. ವಿದ್ವಾಂಸ ಅರ್ಥಧಾರಿ ಕೆರೇಕೈ ಉಮಾಕಾಂತ ಭಟ್ಟರು ತಾಳಮದ್ದಳೆಯ ದೊಡ್ಡ ಹೆಸರು.

ಹರಕೆಯಿಂದ ಟಿಕೆಟ್ಟಿಗೆ

ಆಟದ ಮೂಲ ಚೌಕಟ್ಟು ಸೇವೆಯದು. ಮೇಳಕ್ಕೊಂದು ದೇವರು, ದೇವರ ಹೆಸರೇ ಮೇಳದ ಹೆಸರು. ಬಣ್ಣ ಹಚ್ಚುವ ಚೌಕಿಯಲ್ಲಿ ಗಣಪತಿ ಪೂಜೆ ಆಗಬೇಕು, ಅದಾದ ಮೇಲೇ ರಂಗಸ್ಥಳ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಅಂತ ಪೂರ್ವರಂಗ, ನಂತರ ಪ್ರಸಂಗ, ಬೆಳಗಿನ ಜಾವ ಮಂಗಳ. ಮಗು ಆಗಲಿ, ಕಾಯಿಲೆ ವಾಸಿಯಾಗಲಿ, ಕೇಸು ಗೆಲ್ಲಲಿ ಅಂತ ಹರಕೆ ಹೊತ್ತವರು ಆಟ ಆಡಿಸ್ತಾರೆ. ಖರ್ಚು ಅವರದು, ನೋಡೋದು ಊರಿಗೆಲ್ಲ ಪುಕ್ಕಟೆ. ಕಟೀಲು, ಮಂದಾರ್ತಿಯಂಥ ಮೇಳಗಳು ಇವತ್ತಿಗೂ ಹೀಗೇ ನಡೆಯುತ್ತವೆ. ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಗಡ ಬುಕಿಂಗ್ ಇರೋದು ಎಲ್ಲರಿಗೂ ಗೊತ್ತು.

ಕಳೆದ ಶತಮಾನದ ನಡುಭಾಗದ ಹೊತ್ತಿಗೆ ಇನ್ನೊಂದು ದಾರಿ ತೆರೆಯಿತು. ಸುತ್ತ ಬಟ್ಟೆ ಕಟ್ಟಿ, ಬಾಗಿಲಲ್ಲಿ ಟಿಕೆಟ್ ಕೊಟ್ಟು ಆಡುವ ಟೆಂಟು ಮೇಳ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಈ ದಾರಿಯಲ್ಲಿ ದೊಡ್ಡದಾದವು. ಇಲ್ಲಿ ಲೆಕ್ಕಾಚಾರವೇ ಬೇರೆ. ಹರಕೆ ಆಟಕ್ಕೆ ಒಬ್ಬ ಯಜಮಾನ ಒಪ್ಪಿದರೆ ಸಾಕು, ಟೆಂಟಿಗೆ ಊರೇ ಒಪ್ಪಬೇಕು. ಜನ ಬರದಿದ್ದರೆ ಆ ರಾತ್ರಿ ನಷ್ಟ. ಹಾಗಾಗಿ ಪೂರ್ವರಂಗ ಚಿಕ್ಕದಾಯ್ತು, ಹಾಸ್ಯ ಉದ್ದವಾಯ್ತು, ಪುರಾಣದ ಜೊತೆ ಹೊಸ ಕಥೆಗಳು ಬಂದವು. ಕಾಳಿಂಗ ನಾವಡರು ಬರೆದ ‘ನಾಗಶ್ರೀ’ ಅಂಥ ಹೊಸ ಪ್ರಸಂಗಗಳಲ್ಲಿ ಒಂದು. ಅಣ್ಣ–ತಂಗಿಯ ಕಥೆ, ಸೇಡಿನ ಕಥೆ, ಸಿನಿಮಾದಂಥ ಹೆಸರಿನ ಪ್ರಸಂಗಗಳು ಸಾಲಾಗಿ ಬಂದವು.

ಟೆಂಟಿನ ಪ್ರಚಾರದ ಜೀಪು ಊರೂರಿಗೆ ಬರ್ತಿತ್ತು. ಅದರಲ್ಲಿ ತಪ್ಪದೇ ಇರುತ್ತಿದ್ದ ಮಾತು: ಮನೆಮಂದಿಯೆಲ್ಲ ಕುಳಿತು ನೋಡುವಂಥ ಪ್ರಸಂಗ. ಈ ಮಾತಿಗೊಂದು ಮಾರುಕಟ್ಟೆ ಅರ್ಥ ಇತ್ತು. ಅದೇ ಜಾತ್ರೆಯಲ್ಲಿ ಎರಡರ್ಥದ ಮಾತಿನ ನಾಟಕದ ಟೆಂಟೂ ಇರ್ತಿತ್ತಲ್ಲ, ‘ನಾವು ಆ ಥರ ಅಲ್ಲ’ ಅನ್ನೋದೇ ಯಕ್ಷಗಾನದ ಜಾಹೀರಾತು. ಹೆಂಗಸರು, ಮಕ್ಕಳು, ಮುದುಕರು ಒಟ್ಟಿಗೆ ಬಂದರೆ ಒಂದು ಮನೆಯಿಂದ ಐದಾರು ಟಿಕೆಟ್. ದೇವರ ಹೆಸರು ಆ ನಂಬಿಕೆಯ ಸೀಲು.

ಇದು ನಮ್ಮಲ್ಲಷ್ಟೇ ಆದದ್ದಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಚರ್ಚಿನ ಗಾಸ್ಪೆಲ್ ಹಾಡುಗಾರರು ಹಳ್ಳಿಗಾಡಿನ ಕಂಟ್ರಿ ಸಂಗೀತದ ವೇದಿಕೆಗೆ ಬಂದು ಚರ್ಚಿಗೆ ಹೋಗದವರನ್ನೂ ಮುಟ್ಟಿದರು. ಓಕ್ ರಿಡ್ಜ್ ಬಾಯ್ಸ್ ಗಾಸ್ಪೆಲ್ ತಂಡವಾಗಿದ್ದು 1970ರ ದಶಕದಲ್ಲಿ ಕಂಟ್ರಿಗೆ ಹೊರಳಿತು, 1981ರಲ್ಲಿ ‘ಎಲ್ವೈರಾ’ ಹಾಡಿನಿಂದ ದೇಶಕ್ಕೆಲ್ಲ ಗೊತ್ತಾಯಿತು. ಟೆನೆಸ್ಸಿಯ ಡಾಲಿವುಡ್ ಎಂಬ ಕುಟುಂಬದ ಮನರಂಜನೆಯ ಪಾರ್ಕಿನೊಳಗೇ ಗಾಸ್ಪೆಲ್ ಸಂಗೀತದ ಮ್ಯೂಸಿಯಂ ತೆರೆಯಿತು. ಅಲ್ಲೂ ಕೇಳಿದ ಪ್ರಶ್ನೆ ನನ್ನ ಗೆಳೆಯನದ್ದೇ: ಇದು ಪ್ರಾರ್ಥನೆಯೋ, ಪ್ರದರ್ಶನವೋ?

ಭಾಗವತರು ಸ್ಟಾರ್ ಆದ ಕಥೆ

ಟಿಕೆಟ್ ಬಂದ ಮೇಲೆ ಹೆಸರು ಮುಖ್ಯವಾಯ್ತು. ‘ಯಾವ ಮೇಳ’ ಅನ್ನೋ ಜೊತೆಗೆ ‘ಯಾರ ಪದ್ಯ’ ಅನ್ನೋ ಪ್ರಶ್ನೆಯೂ ಬಂತು. ಗುಂಡ್ಮಿ ಕಾಳಿಂಗ ನಾವಡರು ಇದಕ್ಕೆ ದೊಡ್ಡ ಉದಾಹರಣೆ. ಸಾಲಿಗ್ರಾಮ ಮೇಳದಲ್ಲಿ ಅವರು ಹಾಡ್ತಾರೆ ಅಂದ್ರೆ ಸಾಕಿತ್ತು, ಜನ ನಡೆದು ಬರ್ತಿದ್ದರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತರ ಆಸುಪಾಸು. ಇವತ್ತಿಗೂ ಘಟ್ಟ ಹತ್ತುವ ಬಸ್ಸಿನಲ್ಲಿ ಡ್ರೈವರ್ ಅವರ ಪದ್ಯ ಹಾಕ್ತಾನೆ, ಅವರು ಸತ್ತ ಮೇಲೆ ಹುಟ್ಟಿದ ಹುಡುಗರು ಜೊತೆಗೆ ಗುನುಗ್ತಾರೆ. ಅವರ ನಂತರದ ದಶಕಗಳಲ್ಲಿ ಪೆರ್ಡೂರು ಮೇಳದ ಸುಬ್ರಹ್ಮಣ್ಯ ಧಾರೇಶ್ವರರು ಆ ಜನಪ್ರಿಯತೆಯನ್ನು ಹೊತ್ತರು. 2024ರ ಏಪ್ರಿಲ್‌ನಲ್ಲಿ ಅವರೂ ಹೋದರು.

ಇನ್ನೊಂದು ತುದಿಯಲ್ಲಿ ನಮ್ಮ ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಹೊನ್ನಾವರದ ಕಡೆ ಕಟ್ಟಿದ ಇಡಗುಂಜಿ ಮೇಳದ ದನಿ ಅವರು. ಶಂಭು ಹೆಗಡೆಯವರ ಅಭಿನಯಕ್ಕೆ ಎಷ್ಟು ಬೇಕೋ ಅಷ್ಟೇ ಹಾಡಿ ನಿಲ್ಲಿಸುವ ಸಂಯಮ ಅವರದು. 2019ರಲ್ಲಿ ಅವರು ತೀರಿಕೊಂಡರು. ಸಿದ್ದಾಪುರದ ಕೊಳಗಿ ಕೇಶವ ಹೆಗಡೆ, ಯಲ್ಲಾಪುರದ ಕಡೆಯ ವಿದ್ವಾನ್ ಗಣಪತಿ ಭಟ್ಟರಂಥ ಭಾಗವತರೂ ಈ ಘಟ್ಟದ ಮೇಲಿನವರೇ.

ಭಾಗವತರಿಗಷ್ಟೇ ಅಲ್ಲ, ವೇಷಧಾರಿಗಳಿಗೂ ದೊಡ್ಡ ಪ್ರೇಕ್ಷಕವರ್ಗ ಸಿಕ್ಕಿತು. ಭಸ್ಮಾಸುರ, ಕೀಚಕನ ವೇಷಗಳಿಗೆ ಹೆಸರಾಗಿದ್ದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಯಕ್ಷಗಾನ ಕಲಾವಿದರೊಬ್ಬರಿಗೆ ಆ ಗೌರವ ಬಂದದ್ದು ಅದೇ ಮೊದಲು.

ಇಲ್ಲಿ ನನ್ನ ನಿಲುವು ಹೇಳಿಬಿಡ್ತೀನಿ. ‘ಟೆಂಟು ಬಂದು ಆಟ ಕೆಟ್ಟಿತು’ ಅನ್ನೋ ಮಾತನ್ನ ನಾನು ಪೂರ್ತಿ ಒಪ್ಪಲ್ಲ. ಟಿಕೆಟ್ ಕೊಟ್ಟವನಿಗೆ ಒಂದು ಹಕ್ಕು ಬಂತು, ಚೆನ್ನಾಗಿಲ್ಲ ಅಂದ್ರೆ ಎದ್ದು ಹೋಗುವ ಹಕ್ಕು. ಹರಕೆ ಆಟದಲ್ಲಿ ಯಜಮಾನರ ಮನೆಯವರಿಗೆ ಮುಂದಿನ ಸಾಲು, ಉಳಿದವರು ಎಲ್ಲಿ ಕೂರಬೇಕು ಅನ್ನೋದು ಹೇಳದೇ ಗೊತ್ತಿರುತ್ತಿತ್ತು. ಟೆಂಟಿನಲ್ಲಿ ಕುರ್ಚಿ, ನೆಲ ಅಂತ ಭೇದ ಇತ್ತು ನಿಜ. ಆದರೆ ಅದು ದುಡ್ಡಿನ ಭೇದ. ಕುರ್ಚಿಯ ಟಿಕೆಟ್ ಕೊಂಡವನ ಜಾತಿ ಯಾವುದು ಅಂತ ಬಾಗಿಲಲ್ಲಿ ಕೇಳುತ್ತಿರಲಿಲ್ಲ. ನಮ್ಮ ಕಡೆಯ ಲೆಕ್ಕದಲ್ಲಿ ಇದು ಸಣ್ಣ ಬದಲಾವಣೆ ಅಲ್ಲ.

ಯಾರ ಮನೆಮಂದಿ?

ಹಾಗಂತ ‘ಮನೆಮಂದಿಯೆಲ್ಲ’ ಅನ್ನೋದನ್ನ ಹಾಗೇ ನುಂಗಬೇಕಿಲ್ಲ. ನೋಡೋಕೆ ಎಲ್ಲರೂ ಬಂದರು, ಆಡೋಕೆ? ಸ್ತ್ರೀವೇಷ ಮಾಡಿದ್ದು ಗಂಡಸರು. ಹೆಂಗಸರು ಟಿಕೆಟ್ ಕೊಳ್ಳಬಹುದಿತ್ತು, ಚೌಕಿಯೊಳಗೆ ಬಣ್ಣ ಹಚ್ಚೋದು ಬೇರೆ ಮಾತು. ತೆಂಕುತಿಟ್ಟಿನ ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳದಲ್ಲಿ ಭಾಗವತಿಕೆ ಮಾಡಿ ತೋರಿಸಿದರು. ಈಗ ನಮ್ಮಲ್ಲೂ ಮಹಿಳಾ ತಾಳಮದ್ದಳೆ ತಂಡಗಳಿವೆ, ಹುಡುಗಿಯರು ಕುಣಿತ ಕಲೀತಾರೆ. ಆದರೆ ಹವ್ಯಾಸ ಬೇರೆ, ವೃತ್ತಿ ಬೇರೆ. ಆರು ತಿಂಗಳು ಊರೂರು ತಿರುಗುವ ಮೇಳದಲ್ಲಿ ಹುಡುಗಿಗೆ ಜಾಗ ಎಲ್ಲಿ ಅಂತ ಕೇಳಿದರೆ ಹೆಚ್ಚಿನವರು ವಿಷಯ ಬದಲಿಸ್ತಾರೆ.

ಹಾಸ್ಯದ ವಿಷಯವೂ ಇದೆ. ನಾನೂ ಚಂದಾ ಎತ್ತಿದ್ದ ಒಂದು ಆಟದಲ್ಲಿ ಹಾಸ್ಯಗಾರ ದುಡಿಯುವ ಜಾತಿಯೊಂದರ ಮಾತಿನ ಧಾಟಿ ಹಿಡಿದು ಅಣಕ ಮಾಡಿದ. ಮುಂದಿನ ಸಾಲು ನಕ್ಕಿತು. ಹಿಂದೆ ನಿಂತಿದ್ದವರಲ್ಲಿ ಕೆಲವರು, ಅದೇ ದಿನ ಚಪ್ಪರ ಹಾಕಿದವರು, ಸುಮ್ಮನೆ ಹೊರಟರು. ಮಾರನೇ ದಿನ ನಾನು ಕಮಿಟಿಯಲ್ಲಿ ಇದನ್ನ ಎತ್ತಿದಾಗ ಸಿಕ್ಕ ಉತ್ತರ: ‘ತಮಾಷೆನ ತಮಾಷೆ ಅಂತ ತಗಳವು, ತಮಾ.’ ಅವತ್ತು ನನಗೆ ಅನಿಸಿದ್ದು ಇಷ್ಟು: ಅಶ್ಲೀಲ ಇಲ್ಲ ಅಂದ ಮಾತ್ರಕ್ಕೆ ಅದು ಎಲ್ಲರ ಮನೆಮಂದಿಗೂ ಸಲ್ಲುವ ಆಟ ಆಗಲ್ಲ.

ಯಲ್ಲಾಪುರದ ದಮಾಮಿ

ಇದೇ ಸೀಮೆಯ ಇನ್ನೊಂದು ಸಂಗೀತಕ್ಕೆ ಟೆಂಟು ಸಿಗಲೇ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಶಿರಸಿ, ಅಂಕೋಲಾ ಕಾಡಂಚಿನ ಸಿದ್ದಿಗಳು ಆಫ್ರಿಕಾ ಮೂಲದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂರೂ ಇದ್ದಾರೆ. ದಮಾಮಿ ಎಂಬ ಚರ್ಮವಾದ್ಯ ಮತ್ತು ಅದರ ಕುಣಿತ ಮಾತ್ರ ಸಮುದಾಯದ ಗುರುತು. ದೇವರು ಬೇರೆ, ತಾಳ ಒಂದೇ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಹೋಗಲು 2020ರವರೆಗೆ ಕಾಯಬೇಕಾಯ್ತು.

1980ರ ದಶಕದಲ್ಲಿ ನೀನಾಸಂ ನಂಟಿನ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ನಟರಾಗಿಸಿ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಆಧರಿಸಿದ ನಾಟಕ ಮಾಡಿಸಿದರು. ಆ ಪ್ರದೇಶದಿಂದ ಮುಂದೆ ರಂಗಕ್ಕೆ ಬಂದವರಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿಯಂಥವರಿದ್ದಾರೆ. 2021ರ ‘ಸಲಗ’ ಚಿತ್ರದ ಹಾಡಿಗೆ ಸಿದ್ದಿ ದನಿಗಳು ಬಂದಾಗ ಇಡೀ ಕರ್ನಾಟಕ ಕುಣಿಯಿತು. ಆದರೆ ವರ್ಷವಿಡೀ ದಮಾಮಿಯನ್ನೇ ನಂಬಿ ಬದುಕುವಂಥ ವ್ಯವಸ್ಥೆ ಏನೂ ಹುಟ್ಟಲಿಲ್ಲ. ಭಾಗವತರಿಗೆ ಮೇಳ ಇದೆ, ಸೀಸನ್ ಇದೆ, ಅಭಿಮಾನಿ ಬಳಗ ಇದೆ. ದಮಾಮಿಗೆ ಹೆಚ್ಚಾಗಿ ಸಿಗೋದು ಉತ್ಸವದ ಮೆರವಣಿಗೆ, ಮಂತ್ರಿಗಳ ಸ್ವಾಗತ, ಐದು ನಿಮಿಷ. ಯಾವ ಸಮುದಾಯದ ಭಕ್ತಿ ‘ಎಲ್ಲರ ಮನರಂಜನೆ’ ಆಗುತ್ತೆ, ಯಾವುದು ‘ಬುಡಕಟ್ಟು ಪ್ರದರ್ಶನ’ವಾಗಿಯೇ ಉಳಿಯುತ್ತೆ ಅನ್ನೋದನ್ನ ಕಲೆಯೊಂದೇ ನಿರ್ಧರಿಸಲ್ಲ. ಜಮೀನು, ದೇವಸ್ಥಾನದ ಕಮಿಟಿ, ಸ್ಪಾನ್ಸರ್ ಯಾರ ಕೈಯಲ್ಲಿದೆ ಅನ್ನೋದೂ ನಿರ್ಧರಿಸುತ್ತೆ.

ಈಗ ಏನಾಗ್ತಿದೆ?

ಟೆಂಟು ಕಟ್ಟುವುದು ಅಪರೂಪವಾಗ್ತಾ ಬಂದಿದೆ. ಟಿವಿ ಬಂತು, ಆಮೇಲೆ ಮೊಬೈಲು. ತೋಟದ ಮನೆಗಳ ಮಕ್ಕಳು ಬೆಂಗಳೂರು ಸೇರಿದರು. ಈಗ ನಡೆಯೋದು ಹೆಚ್ಚಾಗಿ ಕಾಲಮಿತಿ ಆಟ, ಸಂಜೆ ಶುರುವಾಗಿ ಊಟದ ಹೊತ್ತಿಗೋ ಮಧ್ಯರಾತ್ರಿಗೋ ಮುಗಿಯುವಂಥದ್ದು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. 2022ರಲ್ಲಿ ಕಟೀಲು ಮೇಳಗಳು ಕಾಲಮಿತಿಗೆ ಬಂದಾಗ ಕರಾವಳಿಯಲ್ಲಿ ದೊಡ್ಡ ಚರ್ಚೆಯೇ ಆಯ್ತು. ಟಿಕೆಟ್ಟಿನ ಜಾಗಕ್ಕೆ ಪ್ರಾಯೋಜಕರು ಬಂದಿದ್ದಾರೆ: ಸೊಸೈಟಿ, ಮಠ, ಅಭಿಮಾನಿಗಳು, ಚುನಾವಣೆ ಹತ್ತಿರ ಬಂದಾಗ ರಾಜಕಾರಣಿಗಳು.

ಯುವಕರು ಗಮನಿಸಬೇಕಾದ್ದು ಇದನ್ನೇ ಅಂತ ನನಗನ್ನಿಸುತ್ತೆ. ಟೆಂಟಿನ ಕಾಲದಲ್ಲಿ ಕಲಾವಿದ ಉತ್ತರ ಹೇಳಬೇಕಿದ್ದದ್ದು ಟಿಕೆಟ್ ಕೊಂಡ ಸಾವಿರ ಜನಕ್ಕೆ. ಈಗ ವೇದಿಕೆಯ ಬ್ಯಾನರಿನಲ್ಲಿ ಫೋಟೊ ಇರುವ ನಾಲ್ಕು ಜನಕ್ಕೆ. ಪುಕ್ಕಟೆ ಆಟ ಎಲ್ಲರಿಗೂ ತೆರೆದದ್ದು ನಿಜ, ಆದರೆ ಅಲ್ಲಿ ಸನ್ಮಾನ ಯಾರಿಗೆ, ಭಾಷಣ ಯಾರದು, ಅರ್ಥದ ನಡುವೆ ಯಾವ ಪಕ್ಷಕ್ಕೆ ಹತ್ತಿರದ ಮಾತು ತೂರಿ ಬಂತು ಅಂತ ನೋಡಿ. ಅರ್ಥ ಬರೆದಿಟ್ಟದ್ದಲ್ಲ ಅಂದೆನಲ್ಲ, ಆ ಸ್ವಾತಂತ್ರ್ಯ ಎರಡೂ ಕಡೆ ಹರಿತ. ರಾಜನನ್ನು ಪ್ರಶ್ನಿಸುವ ಪಾತ್ರಗಳು ಪುರಾಣದಲ್ಲಿ ಬೇಕಾದಷ್ಟಿವೆ. ಅವು ಇವತ್ತು ಎಷ್ಟು ಮಾತಾಡ್ತಾವೆ ಅನ್ನೋದು ಮೈಕಿನ ಬಾಡಿಗೆ ಕೊಟ್ಟವರ ಮೇಲೂ ನಿಂತಿದೆ. ಕಲಾವಿದರ ಪಾಡೂ ಇದಕ್ಕೆ ಸೇರಿದ್ದು. ತಿರುಗಾಟ ಮುಗಿದ ಮೇಲೆ ಮಳೆಗಾಲ ಪೂರ್ತಿ ಸಂಬಳ ಇಲ್ಲದವನಿಗೆ ಪ್ರಾಯೋಜಕನ ಎದುರು ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು?

ಗೆಳೆಯನಿಗೆ ಅವತ್ತು ಉತ್ತರ ಕೊಟ್ಟಿದ್ದು ನಾನಲ್ಲ, ಜೊತೆಗಿದ್ದ ನನ್ನ ಆಯಿ. ಟೆಂಟಿನೊಳಗೆ ಕೃಷ್ಣನ ವೇಷ ಬಂದಾಗ ಆಕೆ ಕುರ್ಚಿಯಿಂದಲೇ ಕೈ ಮುಗಿದಳು. ಮರುಗಳಿಗೆಯೇ ‘ಇವಂಗೆ ಕುಣೂಲೇ ಬತ್ತಿಲ್ಲೆ’ ಅಂತ ಬೈದಳು. ಗೆಳೆಯ ನಕ್ಕು, ಕೈ ಮುಗಿದು ಬೈತೀರಲ್ಲ ಅಮ್ಮಾ ಅಂದ. ಆಯಿ ಅವನ ಕಡೆ ತಿರುಗದೇ ಹೇಳಿದಳು: ‘ಕೈ ಮುಗ್ದಿದ್ದು ದೇವ್ರಿಗೆ. ಬೈದಿದ್ದು ಟಿಕೆಟ್ ದುಡ್ಡಿಗೆ.’